ಗಾದ್ರಪ್ಪನ ಏಣಿ ಫೈಟು

ಬಾಸುಂಡೆ ಗಾದ್ರಪ್ಪನ ಕಣ್ಣಿಗೆ ಬಿದ್ದದ್ದು ಬಚ್ಚಲ ಬಾಗಿಲಲ್ಲಿ. ಭಾನುವಾರ ಬೆಳಿಗ್ಗೆ ಏಳು ಗಂಟೆ. ಸಿದ್ದೇಶ್ ಬನಿಯನ್ ತೆಗೆದು ಹಂಡೆಯಿಂದ ನೀರು ತೋಡಿಕೊಳ್ಳುತ್ತಿದ್ದ. ಅವನ ಎಡ ಪಕ್ಕೆಯ ಮೇಲೆ ಗೇಣುದ್ದದ ಒಂದು ಗೆರೆ, ನಡುವೆ ಕಪ್ಪು, ಅಂಚಿಗೆ ನೇರಳೆ.

“ಇದೇನಪ್ಪಾ ಇದು?”

“ಏನಿಲ್ಲ ಮೇಷ್ಟ್ರೆ. ನಿನ್ನೆ ನೀವು ಸೂಪರ್ ಅಂದ್ರಲ್ಲ, ಆ ಏಟು.”

ಹಿಂದಿನ ಸಂಜೆಯ ತಾಲೀಮಿನಲ್ಲಿ ಆ ಏಟು ಬಿದ್ದಾಗ ಸಿದ್ದೇಶ್ ಎರಡು ಸುತ್ತು ತಿರುಗಿ, ಕಣ್ಣು ಮೆಳ್ಳೆ ಮಾಡಿ, “ಅಯ್ಯಯ್ಯಯ್ಯೋ” ಎಂದು ಕೂಗಿ ಬೆಂಚಿನ ಮೇಲೆ ಮಗುಚಿ ಬಿದ್ದಿದ್ದ. ಸಮುದಾಯ ಭವನದಲ್ಲಿ ಕೂತಿದ್ದ ನಲವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಗಾದ್ರಪ್ಪನೇ.

ನ್ಯಾಮತಿಯಿಂದ ಆರು ಕಿಲೋಮೀಟರ್ ದೂರದ ಊರು ಅದು. ಫೆಬ್ರುವರಿ ಕೊನೆಯ ಶನಿವಾರ ಅಲ್ಲಿನ ಯುವಕರು ಒಂದು ಸಾಮಾಜಿಕ ನಾಟಕ ಆಡುವವರಿದ್ದರು. ಹಾಡು, ಮಾತು ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳು ಆ ಕಡೆ ಹೋಬಳಿಗೆ ಒಬ್ಬರಾದರೂ ಸಿಗುತ್ತಾರೆ. ಫೈಟ್ ಮೇಷ್ಟ್ರು ಬೇಕೆಂದರೆ ಮಾತ್ರ ಜಗಳೂರಿಗೆ ಫೋನ್ ಮಾಡಬೇಕು. ಗಾದ್ರಪ್ಪ ತನ್ನ ಲಗೇಜ್ ಆಟೋದಲ್ಲಿ ಎರಡು ಬೆಂಚು, ನಾಲ್ಕು ಸ್ಟೂಲು, ಒಂದು ಬಿದಿರಿನ ಏಣಿ ಹೇರಿಕೊಂಡು ಮೂರೂವರೆ ತಾಸು ಓಡಿಸಿಕೊಂಡು ಬರುತ್ತಾನೆ. ಶನಿವಾರ, ಭಾನುವಾರ ಇದ್ದು, ಕಲಿಸಿ, ವಾಪಸು. ವಾರದ ಉಳಿದ ದಿನ ಅದೇ ಆಟೋದಲ್ಲಿ ಮೆಕ್ಕೆಜೋಳದ ಚೀಲ, ಕುರಿ, ಯಾರದೋ ಮನೆಯ ಬೀರು.

ಅವನಿಗೆ ಈಗ ಐವತ್ತೆಂಟು. ವಿದ್ಯೆ ಕಲಿತದ್ದು ಇಪ್ಪತ್ತನೇ ವಯಸ್ಸಿನಲ್ಲಿ, ಜಗಳೂರಿನ ಒಂದು ವಿಡಿಯೋ ಸೆಂಟರಿನಲ್ಲಿ. ತಗಡಿನ ಶೆಡ್ಡು, ಒಂದು ಟಿ.ವಿ., ಒಂದು ವಿ.ಸಿ.ಆರ್., ನೆಲದ ಮೇಲೆ ಜಮಖಾನ. ಕ್ಯಾಸೆಟ್ ಹಾಕಿ ತೆಗೆಯುವುದು ಗಾದ್ರಪ್ಪನ ಕೆಲಸ. ಶನಿವಾರ ಬಂತೆಂದರೆ ಚೀನೀ ಫೈಟಿಂಗ್ ಪಿಕ್ಚರ್. ಅದರಲ್ಲೂ ನಗಿಸುವ ಜಾತಿಯವು. ಭಾಷೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲವಕ್ಕೆ ಇಂಗ್ಲಿಷ್ ಮಾತು ಅಂಟಿಸಿರುತ್ತಿದ್ದರು, ತುಟಿ ನಿಂತ ಮೇಲೂ ಮಾತು ಬರುತ್ತಲೇ ಇರುತ್ತಿತ್ತು. ಮೂಗು ಕೆಂಪಾದ ಮುದುಕನೊಬ್ಬ ಸೋರೆಬುರುಡೆಯಿಂದ ಹೆಂಡ ಕುಡಿದು ತೂರಾಡುತ್ತ ಹನ್ನೆರಡು ಜನರನ್ನು ಕೆಡವುತ್ತಾನೆ. ಇಬ್ಬರು ಒಂದೇ ಸ್ಟೂಲಿಗಾಗಿ ಹೊಡೆದಾಡುತ್ತಾರೆ, ಕೊನೆಗೂ ಇಬ್ಬರಿಗೂ ಕೂರಲಾಗುವುದಿಲ್ಲ. ಒಬ್ಬ ಒದೆ ತಿಂದು ಗೋಡೆ ತೂರಿಕೊಂಡು ಪಕ್ಕದ ಮನೆಯ ಪಂಕ್ತಿಯ ನಡುವೆ ಹೋಗಿ ಬೀಳುತ್ತಾನೆ, ಅವರು ಅವನ ಮುಂದೂ ಒಂದು ಬಟ್ಟಲು ಇಡುತ್ತಾರೆ. ಏಟಿನ ಸದ್ದು ಒದ್ದೆ ಗೋಣಿಚೀಲವನ್ನು ಬಂಡೆಗೆ ಬಡಿದ ಹಾಗೆ.

ಜನ ನೋಡಿ ಎದ್ದು ಹೋಗುತ್ತಿದ್ದರು. ಗಾದ್ರಪ್ಪ ಹೋಗುತ್ತಿರಲಿಲ್ಲ. ಮಧ್ಯಾಹ್ನ ಶೆಡ್ಡು ಖಾಲಿ ಇದ್ದಾಗ ಅದೇ ಫೈಟನ್ನು ಹಿಂದಕ್ಕೆ ಓಡಿಸಿ, ನಿಲ್ಲಿಸಿ, ಮತ್ತೆ ಹಿಂದಕ್ಕೆ ಓಡಿಸಿ ನೋಡುತ್ತಿದ್ದ. ಚಿತ್ರ ನಿಂತಾಗ ಪರದೆಯ ಮೇಲೆ ಬಿಳಿ ಗೆರೆಗಳು ನಡುಗುತ್ತಿದ್ದವು. ಆ ಗೆರೆಗಳ ಹಿಂದೆ ಅವನಿಗೆ ಒಂದು ಸಂಗತಿ ಕಂಡಿತು. ಮುಷ್ಟಿ ಮುಖದಿಂದ ಒಂದು ಗೇಣು ದೂರ ಇರುವಾಗಲೇ ಏಟು ತಿನ್ನುವವನ ತಲೆ ಹಿಂದಕ್ಕೆ ಹೋಗಿರುತ್ತದೆ. ಹೊಡೆಯುವವನು ಬರೀ ಕೈ ಬೀಸುತ್ತಾನೆ. ಏಟನ್ನು ಹುಟ್ಟಿಸುವವನು ತಿನ್ನುವವನು.

ಅಲ್ಲಿಂದ ಮುಂದೆ ಅವನು ಕಲಿಸಿದ ಎಲ್ಲ ಫೈಟುಗಳೂ ಈ ಒಂದು ಸಂಗತಿಯ ಮೇಲೆ ನಿಂತವು. ಪ್ರತಿ ಹೆಜ್ಜೆಗೂ ಒಂದು ಎಣಿಕೆ. ಎಂಟು ಎಣಿಕೆಗೆ ಒಂದು ಸುತ್ತು, ಎಂಟು ಸುತ್ತಿಗೆ ಒಂದು ಫೈಟು. ಪರದೆಯ ಹಿಂದೆ ಒಬ್ಬ ಸೀಳಿದ ಹಲಗೆ ಹಿಡಿದು ನಿಂತು ಎಣಿಕೆಗೆ ಸರಿಯಾಗಿ ಬಡಿಯಬೇಕು, ಏಟಿನ ಸದ್ದು ಅವನದು. ಇನ್ನೊಂದು ಕಡ್ಡಾಯವೂ ಇತ್ತು. ಹೊಡೆಯುವವನು ತಿನ್ನುವುದನ್ನು, ತಿನ್ನುವವನು ಹೊಡೆಯುವುದನ್ನು ಕಲಿಯಲೇಬೇಕು. ರಂಗದ ಮೇಲೆ ಹೋಗುವ ಮುಂಚೆ ಒಂದು ಸಲವಾದರೂ ಅದಲು ಬದಲಾಗಿ ಪೂರ್ತಿ ಫೈಟು ಮಾಡಬೇಕು. “ಬೀಳಾದು ಹೆಂಗೆ ಅಂತ ಗೊತ್ತಿಲ್ದವ್ನು ಬೀಳ್ಸಬಾರ್ದು” ಅನ್ನುತ್ತಿದ್ದ.

ಹೆಸರು ಬಂದದ್ದು ಚನ್ನಗಿರಿಯಲ್ಲಿ. ಅಡಿಕೆ ಮಂಡಿಯ ಹಮಾಲರು ಆಡಿದ ನಾಟಕವೊಂದರಲ್ಲಿ ಒಬ್ಬ ಚೀಲದ ಮೇಲೆ ಚೀಲ ಹತ್ತಿ ಓಡುವ, ಅವನ ಹಿಂದೆ ಏಳು ಜನ ಒಬ್ಬರ ಮೇಲೊಬ್ಬರು ಉರುಳುವ ಫೈಟು ಅದು. ಜನ “ಒನ್ಸ್ ಮೋರ್” ಎಂದು ಕೂಗಿ ಮೂರು ಸಲ ಮಾಡಿಸಿದರು. ಹಾಡಿಗೆ ಒನ್ಸ್ ಮೋರ್ ಕೇಳುವುದು ಈ ಭಾಗದ ರೂಢಿ. ಹೊಡೆದಾಟಕ್ಕೆ ಕೇಳಿದ್ದು ಅದೇ ಮೊದಲು.

ಹೊನ್ನಾಳಿಯಲ್ಲಿ ಅದೇ ಒನ್ಸ್ ಮೋರ್ ತಿರುಗಿ ಬಿತ್ತು. ದಾಸಪ್ಪ ಅಂತ ಒಬ್ಬ ಟೈಲರು, ಕುಡುಕ ಗುರುವಿನ ಪಾತ್ರ. ಬೆಂಚಿನಿಂದ ಬೀಳುವಾಗ ಒಂದು ಎಣಿಕೆ ತಪ್ಪಿ ಹೆಗಲ ಮೂಳೆ ಮುರಿಯಿತು. ಅವನು ನಿಜವಾಗಿ ಅತ್ತ. ಆದರೆ ಅದೇ ಅಳುವನ್ನು ತಿಂಗಳಿಡೀ ಅಭ್ಯಾಸ ಮಾಡಿಸಿದ್ದವನು ಗಾದ್ರಪ್ಪ. ಜನ ನಕ್ಕರು, ಒನ್ಸ್ ಮೋರ್ ಎಂದರು. ಗಾದ್ರಪ್ಪ ಪಕ್ಕದ ಪರದೆಯಿಂದ ಬೆರಳೆತ್ತಿ ಇನ್ನೊಂದು ಸಲ ಎಂದು ಸನ್ನೆ ಮಾಡಿದ. ದಾಸಪ್ಪ ಮುರಿದ ಮೂಳೆಯಲ್ಲೇ ಇನ್ನೊಂದು ಸಲ ಬಿದ್ದ. ಆಮೇಲೆ ಆ ಕೈಯಲ್ಲಿ ಅವನು ಕತ್ತರಿ ಹಿಡಿಯಲಿಲ್ಲ. ಗಾದ್ರಪ್ಪ ಎಂಟು ತಿಂಗಳು ಯಾವ ಊರಿಗೂ ಹೋಗಲಿಲ್ಲ. ಮತ್ತೆ ಶುರು ಮಾಡಿದಾಗ ಹೊಸ ನಿಯಮವೊಂದನ್ನು ಸೇರಿಸಿದ. ಫೈಟಿನಲ್ಲಿ ಕೂಗಾಟವೆಲ್ಲ ನಾಟಕ. ನಿಜವಾಗಿ ಪೆಟ್ಟಾದವನು ಕೂಗಬಾರದು, ಬಾಯಿ ಮುಚ್ಚಿ ನಿಂತುಬಿಡಬೇಕು. ಆಗ ಎಲ್ಲರೂ ನಿಲ್ಲಬೇಕು.

“ನಾನ್ ಏನ್ ಹೇಳಿದ್ದೆ?” ಎಂದ ಈಗ, ಬಚ್ಚಲ ಬಾಗಿಲಲ್ಲೇ ನಿಂತು. “ಪೆಟ್ಟಾದ್ರೆ ಸುಮ್ನಾಗು ಅಂದಿರ್ಲಿಲ್ವಾ?”

ಸಿದ್ದೇಶ್ ನೀರು ಸುರಿದುಕೊಂಡ. “ಸುಮ್ನಾದ್ರೆ ಅವ್ನಿಗೆ ಗೊತ್ತಾಗ್ತೈತೆ ಮೇಷ್ಟ್ರೆ.”

“ಏನು ಗೊತ್ತಾಗ್ತೈತೆ?”

“ನೋವಾಯ್ತು ಅಂತ.”

ಅವನು ಎಂದರೆ ಆ ಏಟು ಕೊಟ್ಟ ರವಿಕುಮಾರ್, ನಾಟಕದ ಹೀರೋ. ಮೂವತ್ತೆರಡು ವರ್ಷ, ಒಳ್ಳೆ ಮೈಕಟ್ಟು, ಮಾತು ಮೆಲ್ಲಗೆ. ಮೇಷ್ಟ್ರಿಗೆ ಹೀರೋ ಮನೆಯಲ್ಲಿ ಮಧ್ಯಾಹ್ನದ ಊಟ, ಕಾಮಿಡಿ ಪಾತ್ರದ ಸಿದ್ದೇಶನ ಮನೆಯಲ್ಲಿ ರಾತ್ರಿ ಮಲಗುವುದು ಎಂದು ಕಮಿಟಿಯವರು ಗೊತ್ತು ಮಾಡಿದ್ದರು. ಆ ಭಾನುವಾರ ರವಿಕುಮಾರನ ತಾಯಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು.

“ಇನ್ನೊಂದ್ ಹಾಕ್ಕೊಳ್ರಿ ಮೇಷ್ಟ್ರೆ. ನಮ್ ವಿನಯ ಇದ್ದಿದ್ರೆ ಒಬ್ನೇ ಆರು ತಿಂತಿದ್ದ.”

“ಎಲ್ಲಿದಾನಮ್ಮ ವಿನಯ?”

ಅವಳು ಹಿರಿಮಗನ ಮುಖ ನೋಡಿದಳು.

“ಸರ್ಕಾರದ ಊಟಕ್ಕೆ ಹೋಗ್ಯಾನೆ” ಎಂದು ರವಿಕುಮಾರ್ ನಕ್ಕ. ಎದ್ದು ಹೋಗಿ ಗಾದ್ರಪ್ಪನ ಕೈಗೆ ತಾನೇ ನೀರು ಹಾಕಿದ. “ನಿಮ್ ಫೈಟು ಭಾಳ ಚೆನ್ನಾಗೈತೆ ಮೇಷ್ಟ್ರೆ. ಹೊಡೆದ್ರೂ ಯಾರಿಗೂ ಗೊತ್ತಾಗಲ್ಲ.”

ಗಾದ್ರಪ್ಪ ಕೈ ಒರೆಸಿಕೊಂಡ. ಹೊಗಳಿಕೆ ಅದು. ಮೂವತ್ತೈದು ವರ್ಷದಿಂದ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಜನ ಅದೇ ಅರ್ಥದ ಮಾತು ಹೇಳಿದ್ದರು. ಆದರೂ ಎಲೆಯಡಿಕೆಗೆ ಕೂರದೆ ಎದ್ದ.

ಊಟದ ನಂತರ ಸಿದ್ದೇಶನನ್ನು ಆಟೋದ ಹಿಂಭಾಗದಲ್ಲಿ ಕೂರಿಸಿಕೊಂಡು ಕೇಳಿದಾಗ ಅವನು ಎಲ್ಲ ಹೇಳಿದ. ಎರಡು ವರ್ಷದ ಹಿಂದೆ ರವಿಕುಮಾರನ ತಮ್ಮ ವಿನಯ್ ಕುಮಾರ್ ಹೊಳೆಯಿಂದ ಮರಳು ಹೇರಿಕೊಂಡು ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅಡ್ಡ ಬಂದು ಕೈ ತೋರಿಸಿ ನಿಲ್ಲಿಸಲು ಹೋದ ತೋಟದ ಕಾವಲುಗಾರ ಮುದುಕನ ಮೇಲೆ ಗಾಡಿ ಹತ್ತಿಸಿ ಕೊಂದ. ನೋಡಿದವನು ಡೇರಿಗೆ ಹಾಲು ಹಾಕಿ ವಾಪಸು ಬರುತ್ತಿದ್ದ ಸಿದ್ದೇಶ್ ಒಬ್ಬನೇ. ಪೊಲೀಸರು ಕೇಳಿದಾಗ ಕಂಡದ್ದನ್ನು ಹೇಳಿದ. ವಿನಯ್ ಅಂದಿನಿಂದ ಜೈಲಿನಲ್ಲಿದ್ದ. ಮಾರ್ಚ್ ಹನ್ನೆರಡಕ್ಕೆ ಕೋರ್ಟಿನಲ್ಲಿ ಅವನ ಸಾಕ್ಷಿ.

“ಇಷ್ಟೆಲ್ಲ ಇಟ್ಕಂಡು ಅವ್ನ ಎದ್ರಿಗೆ ಫೈಟ್ ಮಾಡಾಕೆ ಒಪ್ಕಂಡೆಯಲ್ಲೋ!”

“ಒಪ್ಪದಿದ್ರೆ ಹೆದ್ರಿದಾನೆ ಅಂತಿದ್ರು. ನಮ್ಮವ್ವ ಇದೇ ಊರಲ್ಲಿ ಬಾಳಬೇಕಲ್ಲ ಮೇಷ್ಟ್ರೆ. ಆಮೇಲೆ…” ಸಿದ್ದೇಶ್ ಸ್ವಲ್ಪ ನಾಚಿಕೊಂಡ. “ನಂಗೆ ಈ ಪಾತ್ರ ಇಷ್ಟ. ನಾನ್ ಬಿದ್ರೆ ನಮ್ಮವ್ವ ನಗ್ತಾಳೆ.”

ಇಬ್ಬರನ್ನೂ ಎದುರುಬದುರು ಹಾಕಿದ್ದು ನಾಟಕ ಕಮಿಟಿಯ ಅಧ್ಯಕ್ಷ ಜಯಪ್ಪ. ನಿವೃತ್ತ ಗ್ರಾಮ ಪಂಚಾಯ್ತಿ ನೌಕರ, ಊರಿನಲ್ಲಿ ಒಳ್ಳೆಯವನೆಂದು ಹೆಸರು. ಗಾದ್ರಪ್ಪ ಅವನ ಮನೆಗೆ ಹೋದಾಗ ಆತ ಜಗಲಿಯ ಮೇಲೆ ಕೂತು ಪಾತ್ರಧಾರಿಗಳ ಹೆಸರಿನ ಬ್ಯಾನರ್ ಕರಡು ತಿದ್ದುತ್ತಿದ್ದ.

“ಬೇಕಂತ್ಲೇ ಹಾಕಿದ್ದು ಮೇಷ್ಟ್ರೆ” ಎಂದ ಜಯಪ್ಪ ಹೆಮ್ಮೆಯಿಂದ. “ಹಳೇ ಕಾಲದಿಂದ ನಮ್ಮೂರ ಪದ್ಧತಿ. ಯಾರಿಗೆ ಯಾರು ಆಗಲ್ವೋ ಅವರಿಗೆ ಜೋಡಿ ಪಾತ್ರ ಕೊಡಾದು. ಒಂದು ತಿಂಗ್ಳು ಒಟ್ಟಿಗೆ ತಾಲೀಮು ಮಾಡ್ಲಿ, ಮೈ ಮುಟ್ಲಿ, ಬೆವರು ಹತ್ಲಿ. ಸಿಟ್ಟು ತಾನೇ ಇಳೀತೈತೆ. ನಾನೂ ನಮ್ ದಾಯಾದಿಯೂ ಹಂಗೇ ಒಂದಾಗಿದ್ದು.”

“ಅದು ಗದ್ದೆ ಬದುವಿನ ಜಗಳ ಇರ್ಬೇಕು ಜಯಪ್ಪಣ್ಣಾ. ಇದು ಹೆಣ ಬಿದ್ದಿರೋ ಜಗಳ.”

“ನಿಮ್ಗೆ ಫೈಟ್ ಗೊತ್ತು ಮೇಷ್ಟ್ರೆ. ನಮ್ಗೆ ಊರು ಗೊತ್ತು.”

ಅವತ್ತಿನ ತಾಲೀಮಿಗೆ ಗಾದ್ರಪ್ಪ ಬಡಿಗೆಗಳನ್ನೆಲ್ಲ ಕಿತ್ತುಕೊಂಡು ಜೋಳದ ದಂಟು ಕೊಟ್ಟ. ಹುಡುಗರು ಕಿಚಾಯಿಸಿದರು. “ಏನ್ ಮೇಷ್ಟ್ರೆ, ಎಮ್ಮಿಗೆ ಮೇವು ಹಾಕಾದಾ, ಫೈಟ್ ಮಾಡಾದಾ?” ರವಿಕುಮಾರ್ ದಂಟನ್ನು ಬೆರಳ ನಡುವೆ ತಿರುಗಿಸಿ ನೋಡಿ, ಮುಗುಳ್ನಕ್ಕು, ಎಣಿಕೆಗೆ ಒಂದು ಕೂದಲೆಳೆಯೂ ತಪ್ಪದ ಹಾಗೆ ಪೂರ್ತಿ ಫೈಟು ಮಾಡಿದ. ಅಷ್ಟು ಚೆನ್ನಾಗಿ ಎಣಿಕೆ ಬರುವವನು ಹಿಂದಿನ ದಿನ ತಪ್ಪಿದ್ದು ಹೇಗೆ ಎಂಬ ಪ್ರಶ್ನೆಗೆ ಗಾದ್ರಪ್ಪನಿಗೆ ಉತ್ತರ ಸಿಕ್ಕಿತು. ತಪ್ಪಿರಲಿಲ್ಲ.

ಅದಲು ಬದಲಿನ ತಾಲೀಮು ಮಾತ್ರ ಆ ವಾರವೂ ಆಗಲಿಲ್ಲ. ಹಿಂದಿನ ವಾರ ರವಿಕುಮಾರನಿಗೆ ಸೊಂಟ ಹಿಡಿದಿತ್ತು. ಈ ವಾರ ಯಾರದೋ ಫೋನ್ ಬಂತೆಂದು ಎದ್ದು ಹೋದ. ಬೆಂಚು, ಸ್ಟೂಲು, ಏಣಿಯನ್ನು ಸಮುದಾಯ ಭವನದಲ್ಲಿ ಬಿಟ್ಟು, ಬೀಗದ ಕೈಯನ್ನು ಕಮಿಟಿಗೆ ಒಪ್ಪಿಸಿ ಗಾದ್ರಪ್ಪ ಜಗಳೂರಿಗೆ ಮರಳಿದ.

ಹೆಂಡತಿ ವನಜಾಕ್ಷಿ ಅಂಗನವಾಡಿ ಸಹಾಯಕಿ. ಗಂಡ ತಟ್ಟೆಯ ಮುಂದೆ ಕೂತು ಬೆರಳ ಮೇಲೆ ಎಣಿಕೆ ಹಾಕುತ್ತಿದ್ದರೆ ಏನೋ ಕೆಟ್ಟಿದೆ ಎಂದು ಅವಳಿಗೆ ಗೊತ್ತು.

“ಬ್ಯಾಡ ಅನ್ಸಿದ್ರೆ ಬಿಟ್ ಬರ್ರಿ. ನಿಮ್ಮನ್ನೇನ್ ಕಟ್ಟಿ ಹಾಕ್ಯಾರಾ?”

“ನಾನ್ ಬಿಟ್ರೂ ಅವರಿಗೆ ಫೈಟ್ ಬಾಯಿಪಾಠ ಆಗೈತೆ. ನಾನಿಲ್ದೇನೂ ಮಾಡ್ತಾರೆ. ನಾನ್ ಅಲ್ಲಿದ್ರೆ ನೋಡ್ಕಂತೀನಿ.”

“ಹೊನ್ನಾಳ್ಯಾಗೂ ನೀವು ಅಲ್ಲೇ ಇದ್ರಿ” ಎಂದಳು ವನಜಾಕ್ಷಿ. ಚುಚ್ಚಲಿಕ್ಕೆ ಅಂದದ್ದಲ್ಲ. ಆದರೂ ಗಾದ್ರಪ್ಪ ಕೈ ತೊಳೆದುಕೊಂಡ.

ನಾಟಕದ ದಿನ, ಶನಿವಾರ ಬೆಳಿಗ್ಗೆ ಹತ್ತಕ್ಕೆ, ಶಾಲೆಯ ಮುಂದಿನ ರಂಗದ ಮೇಲೆ ಕೊನೆಯ ತಾಲೀಮು. ರಂಗ ಎಂದರೆ ಮೂರಡಿ ಎತ್ತರದ ಕಟ್ಟೆ, ಮುಂದುಗಡೆ ಚಪ್ಪಡಿ ಕಲ್ಲಿನ ಎರಡು ಮೆಟ್ಟಿಲು. ಸೀನರಿ ಕಟ್ಟಿಯಾಗಿತ್ತು. ಮೈಕಿನವರು ಹಲೋ ಹಲೋ ಅನ್ನುತ್ತಿದ್ದರು. ಬಿಸಿಲಿಗೆ ಛತ್ರಿ ಹಿಡಿದು ಹೆಂಗಸರು, ಬೇಲಿಯ ಮೇಲೆ ಗಂಡಸರು, ಆಗಲೇ ನೂರು ಜನ.

ಏಣಿ ಫೈಟು ಗಾದ್ರಪ್ಪನ ಜೀವಮಾನದ ಕೆಲಸ. ಒಂದು ಕ್ಯಾಸೆಟ್ಟಿನಲ್ಲಿ ಮೂರು ನಿಮಿಷ ಕಂಡದ್ದನ್ನು ಹನ್ನೊಂದು ವರ್ಷ ತಿದ್ದಿ ತಿದ್ದಿ ಅವನು ತನ್ನದಾಗಿಸಿಕೊಂಡಿದ್ದ. ಗೋಡೆ ಇಲ್ಲ, ಆಸರೆ ಇಲ್ಲ, ಏಣಿ ನೆಟ್ಟಗೆ ನಿಂತಿರುತ್ತದೆ. ಕಾಮಿಡಿಯವನು ಎಣಿಕೆಗೊಂದರಂತೆ ಏಳು ಮೆಟ್ಟಿಲು ಹತ್ತುತ್ತಾನೆ. ಏಳನೆಯದರ ಮೇಲೆ ಎರಡೂ ಕಾಲು ಜೋಡಿಸಿ, ಏಣಿಯನ್ನು ಮರಗಾಲಿನ ಹಾಗೆ ನಡೆಸುತ್ತ ರಂಗದ ಅಂಚಿನವರೆಗೂ ಬರುತ್ತಾನೆ. ಕಲ್ಲಿನ ಮೇಲೆ ಬಿದ್ದೇಬಿಟ್ಟ ಎಂದು ಜನ ಎದ್ದು ನಿಂತಾಗ, ಕೆಳಗಿನಿಂದ ಹೀರೋ ಒದ್ದು, ಏಣಿ ಗಿರಗಿರನೆ ತಿರುಗಿ, ಹಿಂದಿನ ಹುಲ್ಲಿನ ಮೂಟೆಗಳ ಮೇಲೆ ಬೀಳುತ್ತದೆ. ಅಂಚಿನಲ್ಲಿ ನಿಂತ ಆ ಎರಡು ಎಣಿಕೆಯ ಹೊತ್ತು ಇಡೀ ಮೈಭಾರ ಆ ಒಂದು ಮೆಟ್ಟಿಲ ಮೇಲೆ ಇರುತ್ತದೆ, ತಲೆ ಕಲ್ಲಿನ ಕಡೆ ಬಾಗಿರುತ್ತದೆ.

“ಮೊದ್ಲು ಅದಲು ಬದಲು” ಎಂದ ಗಾದ್ರಪ್ಪ. “ರವಿಕುಮಾರಾ, ನೀನ್ ಹತ್ತು. ಸಿದ್ದೇಶ ಹೊಡೀತಾನೆ.”

“ನಂಗ್ಯಾಕ್ ಮೇಷ್ಟ್ರೆ ಕಾಮಿಡಿ? ಸಂಜಿಗೆ ಹೀರೋ ನಾನು.”

“ಹತ್ತಿದ್ರೆ ಏಣಿ ಫೈಟು. ಇಲ್ದಿದ್ರೆ ಏಣಿ ಗಾಡಿಗೆ ಹಾಕ್ತೀನಿ.”

ಬೇಲಿಯ ಮೇಲಿನವರು ಬಿಡಲಿಲ್ಲ. “ಹತ್ತಲೇ ಹೀರೋ!” “ಹೆದ್ರಿಕಿ ಆದ್ರೆ ನಿಮ್ಮವ್ವನ್ನ ಕರ್ಸಾನಾ?” “ಪ್ಯಾಂಟ್ ಹುಷಾರು ಅಣ್ಣೋ!”

ರವಿಕುಮಾರ್ ಅಂಗಿಯ ತೋಳು ಮಡಚಿದ. ಏಣಿ ಹಿಡಿದ. ಗಾದ್ರಪ್ಪ ಪಕ್ಕದಲ್ಲಿ ನಿಂತು ಎಣಿಕೆ ಹೇಳತೊಡಗಿದ. ಒಂದು, ಎರಡು, ಮೂರು. ಹಲಗೆಯವನು ಎಣಿಕೆಗೆ ಬಡಿಯುತ್ತಿದ್ದ. ನಾಲ್ಕು, ಐದು, ಆರು. ಆರನೆಯದರ ಮೇಲೆ ರವಿಕುಮಾರ್ ಅರೆಗಳಿಗೆ ನಿಂತ. ಆಮೇಲೆ ಮಂಡಿಯನ್ನು ಎದೆಯವರೆಗೂ ಎತ್ತಿ, ಉದ್ದಕ್ಕೆ ಕಾಲು ಚಾಚಿ, ಎಂಟನೆಯದರ ಮೇಲೆ ಇಟ್ಟ.

ಹಲಗೆಯ ಒಂದು ಬಡಿತ ಗಾಳಿಯಲ್ಲಿ ಉಳಿಯಿತು. ಆ ಕೊಕ್ಕರೆ ಹೆಜ್ಜೆ ನೋಡಿ ಜನ ಗೊಳ್ಳೆಂದು ನಕ್ಕರು. ಯಾರೋ ಶಿಳ್ಳೆ ಹೊಡೆದರು. ಸಿದ್ದೇಶ್ ಕೂಡ ನಕ್ಕ.

ಗಾದ್ರಪ್ಪನ ಬಾಯಲ್ಲಿ ಏಳು ಎಂಬ ಮಾತು ಹಾಗೇ ನಿಂತಿತ್ತು.

“ಸಾಕು ಇಳಿ” ಎಂದ.

ರವಿಕುಮಾರ್ ಇಳಿಯುವಾಗಲೂ ಹಾಗೇ ಇಳಿದ. ಎಂಟರಿಂದ ಆರಕ್ಕೆ.

ಗಾದ್ರಪ್ಪ ಏಣಿಯನ್ನು ಮಲಗಿಸಿ, ಹೆಗಲಿಗೇರಿಸಿ, ಪಾತ್ರಧಾರಿಗಳು ಬಣ್ಣ ಹಚ್ಚಿಕೊಳ್ಳಲು ಕೊಟ್ಟಿದ್ದ ಶಾಲಾ ಕೊಠಡಿಗೆ ಹೊತ್ತುಕೊಂಡು ಹೋದ. ಬಾಗಿಲು ಮುಂದಕ್ಕೆ ಮಾಡಿ, ಏಳನೇ ಮೆಟ್ಟಿಲ ಅಡಿಗೆ ಹೆಬ್ಬೆರಳು ಆಡಿಸಿದ. ನಡುಮಧ್ಯದಲ್ಲಿ ಬೆರಳಿಗೆ ನುಣುಪು ಹತ್ತಿತು. ಉಗುರಿನಿಂದ ಕೆರೆದಾಗ ಮೇಣ ಎದ್ದು ಬಂತು, ಅದರ ಹಿಂದೆ ಗರಗಸದ ಗೆರೆ. ಅಡಿಯಿಂದ ಮುಕ್ಕಾಲು ಪಾಲು ಕೊಯ್ದಿದ್ದರು. ಮೇಲೆ ಏಣಿಯದೇ ಕೆಂಪು ಬಣ್ಣ, ಇನ್ನೂ ಸ್ವಲ್ಪ ಅಂಟು. ಅಚ್ಚುಕಟ್ಟಾದ ಕೆಲಸ. ಯಾರೋ ಅವಸರವಿಲ್ಲದೆ ಮಾಡಿದ್ದು.

ಜಯಪ್ಪನನ್ನು ಕರೆಸಿ ತೋರಿಸಿದ. ಜಯಪ್ಪ ಕನ್ನಡಕ ಹಾಕಿಕೊಂಡು ನೋಡಿದ, ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ.

“ಹಳೇ ಏಣಿ ಮೇಷ್ಟ್ರೆ. ಹುಳ ತಿಂದಿರ್ತೈತೆ.”

“ಹುಳ ಮೇಣ ಹಚ್ಚಲ್ಲ ಜಯಪ್ಪಣ್ಣಾ.”

ಜಯಪ್ಪ ಕಿಟಕಿಯ ಕಡೆ ನೋಡಿದ. ಹೊರಗೆ ಮೈಕಿನಲ್ಲಿ ಅವನ ಹೆಸರನ್ನೇ ಹೇಳುತ್ತಿದ್ದರು, ಸಂಜೆ ಏಳಕ್ಕೆ ಅಧ್ಯಕ್ಷರಿಂದ ದೀಪ ಬೆಳಗುವ ಕಾರ್ಯಕ್ರಮ. “ಇಪ್ಪತ್ತು ಹಳ್ಳಿಗೆ ಹೇಳಿ ಆಗೈತೆ” ಎಂದ ತಗ್ಗಿದ ದನಿಯಲ್ಲಿ. “ಏಣಿ ಒಂದು ಬಿಟ್ಬಿಡ್ರಿ. ಬೆಂಚ್ ಫೈಟ್ ಸಾಕು. ಈ ಮಾತು ಈ ಕ್ವಾಣ್ಯಾಗೇ ಇರ್ಲಿ. ಊರು ಒಡೀತೈತೆ.”

ಅವನು ಹೊರಗೆ ಹೋದ. ಅದೇ ಬಾಗಿಲಲ್ಲಿ ರವಿಕುಮಾರ್ ಬಂದು ನಿಂತ. ಎಷ್ಟು ಹೊತ್ತಿನಿಂದ ಹೊರಗಿದ್ದನೋ ಗೊತ್ತಿಲ್ಲ. ಮುಖದಲ್ಲಿ ಸಿಟ್ಟಿರಲಿಲ್ಲ, ಊಟಕ್ಕೆ ಕರೆಯಲು ಬಂದವನ ಹಾಗಿದ್ದ.

“ಏಣಿ ಇಲ್ದಿದ್ರೂ ನಡೀತೈತೆ ಬಿಡ್ರಿ ಮೇಷ್ಟ್ರೆ” ಎಂದ. “ನಾಟಕ ಒಂದ್ ದಿನದ್ದು. ಹನ್ನೆರಡನೇ ತಾರೀಕಿಗೆ ಇನ್ನೂ ಹದಿನೆಂಟು ದಿನ ಐತೆ.”

ಗಾದ್ರಪ್ಪ ಅವನನ್ನು ದಿಟ್ಟಿಸಿ ನೋಡಿದ. ಮೂವತ್ತೈದು ವರ್ಷ ಸುಳ್ಳು ಸಿಟ್ಟು ಕಲಿಸಿದವನಿಗೆ ಸಿಟ್ಟೇ ಇಲ್ಲದ ಈ ಮುಖವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನಿಗೆ ತಿಳಿದಿದ್ದದ್ದು ಇಷ್ಟೇ. ಏಣಿ ಬಿಟ್ಟರೆ ಸಂಜೆ ಉಳಿಯುತ್ತದೆ, ಸಿದ್ದೇಶ್ ಉಳಿಯುವುದಿಲ್ಲ. ಊರಿನ ಮಾತನ್ನು ಠಾಣೆಗೆ ಒಯ್ದ ಮೇಷ್ಟ್ರನ್ನು ಆಮೇಲೆ ಯಾವ ಊರೂ ಕರೆಯುವುದಿಲ್ಲ, ಅದೂ ತಿಳಿದಿತ್ತು.

ಏಣಿಯನ್ನು ಆಟೋದ ಮೇಲೆ ಕಟ್ಟಿದ. ಬೆಂಚು, ಸ್ಟೂಲು ಅಲ್ಲೇ ಬಿಟ್ಟ.

“ಸಿದ್ದೇಶಾ, ಹತ್ತು.”

“ಎಲ್ಲಿಗೆ ಮೇಷ್ಟ್ರೆ? ಮೇಕಪ್‌ನವ್ರು ಬಂದಾರೆ.”

“ಹತ್ತು ಅಂದೆ.”

ಊರು ದಾಟುವವರೆಗೂ ಹಿಂದೆ ಒಂದು ಬೈಕು ಬಂತು. ಮುಖ್ಯರಸ್ತೆಗೆ ಸೇರಿದ ಮೇಲೂ ಬಂತು. ಮುಂದೆ ಹೋಗಲಿಲ್ಲ, ಹಿಂದೆಯೂ ಉಳಿಯಲಿಲ್ಲ. ಗಾದ್ರಪ್ಪ ಗಾಡಿ ಓಡಿಸುತ್ತಲೇ ವಿಷಯ ಹೇಳಿದ. ಸಿದ್ದೇಶ್ ಒಂದು ಸಲ ತಲೆಯ ಮೇಲಿನ ಏಣಿಯ ಕಡೆ ನೋಡಿದ. ಆಮೇಲೆ ಕೈ ಪಕ್ಕೆಯ ಮೇಲಿಟ್ಟುಕೊಂಡು ಕೂತ.

ನ್ಯಾಮತಿ ಠಾಣೆಯಲ್ಲಿ ಸಾಹೇಬರು ಇರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಒಬ್ಬರು, ಇಬ್ಬರು ಪೇದೆಗಳು. ಹೆಡ್ ಕಾನ್‌ಸ್ಟೇಬಲ್ ತಾಳ್ಮೆಯಿಂದಲೇ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಮೀಸೆಯಡಿ ನಗು ಬಂತು.

“ಅಲ್ಲ ಯಜಮಾನ್ರೆ, ಏಣಿ ಮುರಿದಿಲ್ಲ. ಯಾರೂ ಬಿದ್ದಿಲ್ಲ. ಕಾಮಿಡಿ ಫೈಟು ಅಂತೀರಿ. ನಾನ್ ಏನಂತ ಬರ್ಕೊಳ್ಳಿ?”

“ಬಿದ್ರೆ ಬರ್ಕೊಂತೀರಾ?”

“ಬಿದ್ರೆ ನೋಡೋಣ.”

ಗಾದ್ರಪ್ಪ ಹೊರಗೆ ಹೋದ. ಅಂಗಳದಲ್ಲಿ ಏಣಿಯನ್ನು ನೆಟ್ಟಗೆ ನಿಲ್ಲಿಸಿದ. “ಬ್ಯಾಡ್ರಿ ಮೇಷ್ಟ್ರೆ, ನಿಮ್ ಕಾಲಿಗೆ ಬೀಳ್ತೀನಿ” ಎಂದು ಸಿದ್ದೇಶ್ ಓಡಿ ಬರುವಷ್ಟರಲ್ಲಿ ನಾಲ್ಕನೆಯದರ ಮೇಲಿದ್ದ. ಐವತ್ತೆಂಟು ವರ್ಷದ ದೇಹ ಎಣಿಕೆ ಮರೆತಿರಲಿಲ್ಲ. ಐದು, ಆರು. ಎರಡೂ ಕಾಲು ಜೋಡಿಸಿ ಏಳನೆಯದರ ಮೇಲೆ ನಿಂತ.

ಮೆಟ್ಟಿಲು ಒಂದು ಸಣ್ಣ ಸದ್ದು ಮಾಡಿತು. ಬೀಳುವಾಗ ತನ್ನ ಅರಿವಿಲ್ಲದೆಯೇ ಅವನ ಕೈ ಗಾಳಿಯಲ್ಲಿ ಗಿರಗಿರನೆ ತಿರುಗಿದವು, ಕಾಲು ಸೈಕಲ್ ತುಳಿದವು, ಕಣ್ಣು ಮೆಳ್ಳೆಯಾದವು. ಪೇದೆಗಳು ನಕ್ಕುಬಿಟ್ಟರು. ಗೇಟಿನಾಚೆ ಬೈಕಿನ ಮೇಲೆ ಕೂತಿದ್ದವನು ಮೊಬೈಲ್ ಎತ್ತಿ ಹಿಡಿದಿದ್ದ, ಅವನೂ ನಕ್ಕ. ಗಾದ್ರಪ್ಪ ಬಲ ಭುಜದ ಮೇಲೆ ನೆಲಕ್ಕೆ ಬಂದ. ತಲೆ ಉಳಿಸಿಕೊಂಡಿದ್ದ. ಮೆಟ್ಟಿಲು ಎಲ್ಲಿ ಮುರಿಯುತ್ತದೆಂದು ಅವನಿಗೆ ಮೊದಲೇ ಗೊತ್ತಿದ್ದರಿಂದ ಉಳಿಯಿತು.

ಹೆಡ್ ಕಾನ್‌ಸ್ಟೇಬಲ್ ನಗುತ್ತಲೇ ಬಂದು ಮುರಿದ ಮೆಟ್ಟಿಲ ತುಂಡು ಎತ್ತಿಕೊಂಡರು. ಒಂದು ಬೆರಳಿನಷ್ಟು ದಪ್ಪ ಮಾತ್ರ ಸೀಳಿ ಮುರಿದಿತ್ತು. ಉಳಿದ ಭಾಗ ಕನ್ನಡಿಯ ಹಾಗೆ ನಯವಾಗಿತ್ತು. ಅವರು ಅದರ ಮೇಲೆ ಬೆರಳಾಡಿಸಿದರು, ಬೆರಳನ್ನು ಮೂಸಿ ನೋಡಿದರು.

“ಏಯ್, ಗೇಟ್ ಹಾಕ್ರೋ” ಎಂದರು. “ಆ ಬೈಕ್ ನಂಬರ್ ಬರ್ಕೊಳ್ಳಿ.”

ದೂರು ದಾಖಲಾಯಿತು. ಏಣಿ ಜಪ್ತಿಯಾಯಿತು. ಕೊಯ್ದವರು ಯಾರೆಂದು ಹೇಳಲು ಊರಿನಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಬೀಗದ ಕೈ ಯಾರ ಹತ್ತಿರ ಇತ್ತು ಎಂಬುದೇ ಯಾರಿಗೂ ನೆನಪಿರಲಿಲ್ಲ. ಅಂದಿನ ಸಂಜೆ ನಾಟಕ ಫೈಟಿಲ್ಲದೆ ನಡೆಯಿತು. ಅಂಗಳದ ವಿಡಿಯೋ ವಾರದೊಳಗೆ ಸುತ್ತಲಿನ ನಾಲ್ಕೂ ತಾಲ್ಲೂಕಿನ ಮೊಬೈಲುಗಳಲ್ಲಿ ಓಡಾಡಿತು, ಹಿಂದೆ ಯಾರೋ ಸಿನಿಮಾದ ಏಟಿನ ಸದ್ದು ಸೇರಿಸಿದ್ದರು. ವನಜಾಕ್ಷಿಗೆ ಅಂಗನವಾಡಿಯಲ್ಲಿ ಮಕ್ಕಳ ತಾಯಂದಿರು ತೋರಿಸಿದರು. ಅವಳು ಪೂರ್ತಿ ನೋಡಿ ಫೋನ್ ವಾಪಸು ಕೊಟ್ಟಳು.

ಸಿದ್ದೇಶನೂ ಅವನ ತಾಯಿಯೂ ಆ ಹದಿನೆಂಟು ದಿನ ಜಗಳೂರಿನ ಗಾದ್ರಪ್ಪನ ಮನೆಯಲ್ಲಿದ್ದರು. ಬಲಗೈ ಕಟ್ಟಿಕೊಂಡಿದ್ದ ಗಾದ್ರಪ್ಪನ ಬದಲು ಸಿದ್ದೇಶ್ ಆಟೋ ಓಡಿಸಿದ. ಹಗಲು ಬಾಗಿಲು ತೆರೆದೇ ಇರುತ್ತಿದ್ದ ಮನೆಯಲ್ಲಿ ಈಗ ಒಳಗಿನಿಂದ ಚಿಲಕ. ಎರಡು ಸಲ ಗುರುತಿಲ್ಲದವರು ಬಂದು ಎದುರಿನ ಅಂಗಡಿಯಲ್ಲಿ ಚಹಾ ಕುಡಿದು, ಮನೆ ಯಾರದೆಂದು ಕೇಳಿ ಹೋದರು. ಮೂರನೆಯ ಸಲ ಕೇಳಲಿಲ್ಲ, ಸುಮ್ಮನೆ ಚಹಾ ಕುಡಿದರು.

ಹನ್ನೆರಡರಂದು ಕೋರ್ಟಿನ ಪಡಸಾಲೆಯಲ್ಲಿ ಸಿದ್ದೇಶ್ ಗೋಡೆಗೆ ಒರಗಿ ನಿಂತಿದ್ದ. ಗಾದ್ರಪ್ಪ ಬೆಂಚಿನ ಮೇಲೆ ಕೂತಿದ್ದ. ಹನ್ನೊಂದೂವರೆಗೆ ರವಿಕುಮಾರ್ ಬಂದು ಅದೇ ಬೆಂಚಿನ ಮೇಲೆ, ಅವನ ಪಕ್ಕಕ್ಕೇ ಕೂತ. ಇಸ್ತ್ರಿ ಮಾಡಿದ ಬಿಳಿ ಅಂಗಿ.

“ಭುಜ ಹೆಂಗೈತೆ ಮೇಷ್ಟ್ರೆ?”

“ಮ್ಯಾಲೆ ಏಳಲ್ಲ.”

“ವಯಸ್ಸಾತಲ್ಲ. ನೋಡ್ಕಂಡು ಓಡಾಡ್ರಿ.” ಅವನು ಸಿದ್ದೇಶನ ಕಡೆ ತಿರುಗಿ, ಅಷ್ಟೇ ಮೆಲ್ಲಗೆ ಕೇಳಿದ, “ಅವ್ವ ಒಬ್ರೇ ಅದಾರಾ ಮನ್ಯಾಗೆ?”

ಒಳಗಿನಿಂದ ಜವಾನ ಬಾಗಿಲಿಗೆ ಬಂದು ಸಿದ್ದೇಶನ ಹೆಸರು ಕೂಗಿದ. ಸಿದ್ದೇಶ್ ಕದಲಲಿಲ್ಲ. ಎರಡನೆಯ ಸಲ ಕೂಗಿದ. ಪಡಸಾಲೆಯಲ್ಲಿದ್ದವರು ತಿರುಗಿ ನೋಡಿದರು. ರವಿಕುಮಾರ್ ಕಾಲ ಮೇಲೆ ಕಾಲು ಹಾಕಿಕೊಂಡು ತನ್ನ ಚಪ್ಪಲಿಯ ತುದಿ ನೋಡುತ್ತಿದ್ದ.

“ಮೇಷ್ಟ್ರೆ, ನಮ್ಮವ್ವ…” ಎಂದ ಸಿದ್ದೇಶ್.

“ವನಜಾಕ್ಷಿ ರಜೆ ಹಾಕ್ಯಾಳೆ. ಇಬ್ರೂ ಒಳಗೆ ಚಿಲಕ ಹಾಕ್ಕಂಡ್ ಕುಂತಾರೆ. ಹೋಗು.”

ಮೂರನೆಯ ಕೂಗು ಬಿತ್ತು. ಸಿದ್ದೇಶ್ ಗೋಡೆ ಬಿಟ್ಟು, ಅಂಗಿಯ ಗುಂಡಿ ಸರಿಮಾಡಿಕೊಂಡು ಒಳಗೆ ಹೋದ. ಅರ್ಧ ಬಾಗಿಲಿನ ಸಂದಿಯಿಂದ ಅವನು ಕಂಡದ್ದನ್ನು ಹೇಳತೊಡಗಿದ್ದು ಹೊರಗೆ ಕೇಳುತ್ತಿತ್ತು. ದನಿ ಮೊದಲು ನಡುಗಿತು, ಆಮೇಲೆ ನಡುಗಲಿಲ್ಲ. ಟ್ರ್ಯಾಕ್ಟರಿನ ಬಣ್ಣ, ಹೊತ್ತು, ಓಡಿಸುತ್ತಿದ್ದವನ ಹೆಸರು. ಬೆಂಚಿನ ಮೇಲೆ ಇಬ್ಬರೂ ಕೇಳುತ್ತ ಕೂತರು. ಹೆಸರು ಬಂದಾಗ ರವಿಕುಮಾರ್ ಎದ್ದು, ಜೇಬಿನಿಂದ ಫೋನ್ ತೆಗೆದು, ಮೆಟ್ಟಿಲಿಳಿದು ಹೊರಗಿನ ಬಿಸಿಲಿಗೆ ಹೋದ. ಗಾದ್ರಪ್ಪ ಎಡಗೈಯಲ್ಲಿ ತನ್ನ ಫೋನ್ ಹುಡುಕಿ ತೆಗೆದು, ಮನೆಗೆ ಕರೆ ಮಾಡಿದ.